ಬೆಳೆಯುವ ಹುಡುಗಿಯ ಕೈಗೆ ಯಾವ ಕಾದಂಬರಿ?

ತುಮಕೂರಿನ ನಮ್ಮ ಮನೆಯ ನಡುಮನೆಯಲ್ಲಿ ತಿಂಗಳಿಗೆ ಎರಡು ಭಾನುವಾರ ಹತ್ತು ಹನ್ನೆರಡು ಹುಡುಗಿಯರು ಸೇರಿ ಕಾದಂಬರಿ ಓದುತ್ತಾರೆ. ಪಿಯುಸಿಯಿಂದ ಹಿಡಿದು ಪದವಿಯ ಕೊನೆಯ ವರ್ಷದವರೆಗೆ ಓದುತ್ತಿರುವ ಇವರಲ್ಲಿ ಕೆಲವರು ಊರಿನವರೇ, ಉಳಿದವರು ಗುಬ್ಬಿ, ಕೊರಟಗೆರೆ, ಪಾವಗಡದ ಕಡೆಯಿಂದ ಬಂದು ಹಾಸ್ಟೆಲಿನಲ್ಲಿ ಇರುವವರು. ಇವರ ತಾಯಂದಿರೂ ನನ್ನ ಪರಿಚಯದ ಶಿಕ್ಷಕಿಯರೂ ಮತ್ತೆ ಮತ್ತೆ ಕೇಳುವುದು ಒಂದೇ ಪ್ರಶ್ನೆ. ಹುಡುಗಿಯೇ ನಡುವಿನಲ್ಲಿ ನಿಂತಿರುವ ಕಾದಂಬರಿಗಳು ಕನ್ನಡದಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಮಗಳಿಗೆ ಯಾವುದನ್ನು ಮೊದಲು ಕೊಡಬೇಕು, ಯಾವುದನ್ನು ಒಂದೆರಡು ವರ್ಷ ತಡೆದು ಕೊಡಬೇಕು? ಈ ಹುಡುಗಿಯರ ಜೊತೆ ಕೂತು ಓದುತ್ತ ನನಗೆ ತಿಳಿದದ್ದನ್ನು, ಒಂದು ಪುಸ್ತಕದ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡುವ ರೀತಿಯಲ್ಲಿ, ಇಲ್ಲಿ ಬರೆಯುತ್ತಿದ್ದೇನೆ.

ಮೊದಮೊದಲು ನಾನೂ ಎಲ್ಲರಂತೆ ಗಟ್ಟಿಗಿತ್ತಿ ನಾಯಕಿಯರನ್ನೇ ಹುಡುಕುತ್ತಿದ್ದೆ. ಅನ್ಯಾಯಕ್ಕೆ ಎದುರು ಮಾತನಾಡಿ ಕೊನೆಗೆ ಗೆಲ್ಲುವ ಹುಡುಗಿ ಇದ್ದರೆ ಪುಸ್ತಕ ಒಳ್ಳೆಯದು, ಅಳುವ ಹುಡುಗಿ ಇದ್ದರೆ ಹಳೆಯ ಕಾಲದ್ದು ಎಂಬುದು ನನ್ನ ಅಳತೆಯಾಗಿತ್ತು. ಆ ಅಳತೆಯನ್ನು ಕೈಬಿಡುವಂತೆ ಮಾಡಿದವಳು ಬಿ.ಕಾಂ. ಓದುತ್ತಿದ್ದ ಒಬ್ಬ ಹುಡುಗಿ. ಆ ಭಾನುವಾರ ನಾವು ಓದುತ್ತಿದ್ದ ಹೊಸ ಕಾದಂಬರಿಯ ನಾಯಕಿ ಪ್ರತಿ ಅಧ್ಯಾಯದಲ್ಲೂ ಯಾರನ್ನಾದರೂ ದಬಾಯಿಸುತ್ತಿದ್ದಳು, ನಾನು ಅವಳನ್ನು ಹೊಗಳುತ್ತಿದ್ದೆ. ಈ ಹುಡುಗಿ ಪುಸ್ತಕವನ್ನು ಹಿಂದೆ ಮುಂದೆ ತಿರುವಿ ಹಾಕಿ, “ಮೇಡಂ, ಇವ್ಳು ಒಬ್ಳೇ ಇರೋ ಪುಟಾನೇ ಇಲ್ವಲ್ಲ ಇದ್ರಲ್ಲಿ” ಎಂದಳು. ಎಲ್ಲರೂ ಹುಡುಕಿದೆವು; ನಿಜವಾಗಿಯೂ ಇರಲಿಲ್ಲ. ಇನ್ನೂರು ಚಿಲ್ಲರೆ ಪುಟಗಳ ಉದ್ದಕ್ಕೂ ಆ ನಾಯಕಿಯನ್ನು ಯಾರಾದರೊಬ್ಬರು ನೋಡುತ್ತಲೇ ಇದ್ದರು, ಮೆಚ್ಚುತ್ತಲೋ ಬೈಯುತ್ತಲೋ ಇದ್ದರು. ಯಾರೂ ನೋಡದಿದ್ದಾಗ ಅವಳು ಏನನ್ನು ನೆನೆಯುತ್ತಾಳೆ, ಯಾವುದಕ್ಕೆ ಹೆದರುತ್ತಾಳೆ, ಕೈಯಲ್ಲಿ ಏನು ಹಿಡಿದು ಕೂರುತ್ತಾಳೆ ಎಂಬುದು ಬರೆದವರಿಗೇ ಗೊತ್ತಿದ್ದಂತೆ ಕಾಣಲಿಲ್ಲ.

ಅಂದಿನಿಂದ ಯಾವುದೇ ಕಾದಂಬರಿ ಕೈಗೆ ಬಂದರೂ ನಾವು ಮೊದಲು ಹುಡುಕುವುದು ಆ ಪುಟವನ್ನು. ಅದರ ಜೊತೆಗೆ ಇನ್ನೂ ಮೂರು ವಿಚಾರಗಳನ್ನು ನೋಡುತ್ತೇವೆ. ಹುಡುಗಿಯ ಕಥೆಯನ್ನು ಯಾರು ಹೇಳುತ್ತಿದ್ದಾರೆ, ಅಂದರೆ ಅವಳು ನಮಗೆ ಯಾರ ಕಣ್ಣಿನಿಂದ ಕಾಣುತ್ತಿದ್ದಾಳೆ. ಅವಳ ಕೈಯಲ್ಲಿ ಒಂದು ಕೆಲಸ, ಒಂದಿಷ್ಟು ದುಡ್ಡು, ತನ್ನದೇ ಆದ ಒಂದು ತಿಳಿವಳಿಕೆ ಇದೆಯೇ. ಅವಳು ಮನೆಯ ಹೊಸ್ತಿಲು ದಾಟಿದರೆ ಕಾದಂಬರಿಕಾರರು ಅವಳನ್ನು ಎಲ್ಲಿಗೆ ಮುಟ್ಟಿಸುತ್ತಾರೆ. ಮುಂದಿನ ಹೋಲಿಕೆಗಳೆಲ್ಲ ಈ ಪ್ರಶ್ನೆಗಳನ್ನೇ ಹಿಡಿದು ನಡೆಯುತ್ತವೆ.

ಹೋಲಿಸುವ ಮುನ್ನ ಒಂದು ಮಾತನ್ನು ಗಮನದಲ್ಲಿ ಇಡಬೇಕು. ಹುಡುಗಿತನ ಎಂಬ ಕಾಲವೇ ಕನ್ನಡ ಕಾದಂಬರಿಗೆ ತಡವಾಗಿ ದೊರೆಯಿತು. ನಮ್ಮ ತುಮಕೂರು ಸೇರಿದ್ದ ಮೈಸೂರು ಸಂಸ್ಥಾನದಲ್ಲಿ 1894ರಲ್ಲಿ ಬಾಲ್ಯವಿವಾಹದ ವಿರುದ್ಧ ಕಾನೂನು ಬಂದಾಗ ಅದು ತಡೆದದ್ದು ಮುಖ್ಯವಾಗಿ ಎಂಟು ವರ್ಷದೊಳಗಿನ ಹೆಣ್ಣುಮಗುವಿನ ಮದುವೆಯನ್ನು. ಬ್ರಿಟಿಷ್ ಇಂಡಿಯಾದ 1929ರ ಶಾರದಾ ಕಾಯ್ದೆ ಹುಡುಗಿಯ ಮದುವೆಯ ವಯಸ್ಸನ್ನು 14ಕ್ಕೆ ನಿಲ್ಲಿಸಿತು. ಅದು 18 ಆದದ್ದು 1978ರಲ್ಲಿ. ಹೀಗಿರುವಾಗ ಹಳೆಯ ಕಾದಂಬರಿಗಳಲ್ಲಿ ಮಗುವಾಗಿದ್ದವಳು ಮುಂದಿನ ಅಧ್ಯಾಯದಲ್ಲೇ ಸೊಸೆಯಾಗುವುದರಲ್ಲಿ ಆಶ್ಚರ್ಯವಿಲ್ಲ. ಓದುತ್ತ, ಕಾಯುತ್ತ, ತನ್ನ ಬಗ್ಗೆ ಯೋಚಿಸುತ್ತ ಇರಲು ಒಬ್ಬ ಹುಡುಗಿಗೆ ಐದಾರು ವರ್ಷ ಸಿಕ್ಕಾಗಲೇ ಅವಳ ಬಗ್ಗೆ ಬೇರೆ ಬಗೆಯ ಕಾದಂಬರಿ ಸಾಧ್ಯವಾಯಿತು. ಆದ್ದರಿಂದ ಹಳೆಯ ಪುಸ್ತಕದ ಹುಡುಗಿಯನ್ನು ಇಂದಿನ ಹುಡುಗಿಯ ಜೊತೆ ತೂಗುವಾಗ ಅವಳಿಗೆ ಎಷ್ಟು ವರ್ಷದ ಹುಡುಗಿತನ ಸಿಕ್ಕಿತ್ತು ಎಂಬುದನ್ನೂ ಲೆಕ್ಕಕ್ಕೆ ಹಿಡಿಯುವುದು ನ್ಯಾಯ.

ಈ ಮಾತಿಗೆ ನಮ್ಮ ಸೀಮೆಯದೇ ಉದಾಹರಣೆ ಇದೆ. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ (1970) ನಡೆಯುವುದು ತಿಪಟೂರು, ಚನ್ನರಾಯಪಟ್ಟಣದ ಕಡೆಯ ಹಳ್ಳಿಗಳಲ್ಲಿ, ಕಳೆದ ಶತಮಾನದ ಇಪ್ಪತ್ತರ ದಶಕದಿಂದ ನಲವತ್ತರ ದಶಕದವರೆಗಿನ ಕಾಲದಲ್ಲಿ. ಎಳೆಯ ವಯಸ್ಸಿನಲ್ಲೇ ಶಾನುಭೋಗರ ಮನೆ ಸೇರಿದ ನಂಜಮ್ಮನ ಪಾಲಿಗೆ ಬಾಯಿಬಡುಕಿ ಅತ್ತೆ ಗಂಗಮ್ಮ, ಯಾವುದಕ್ಕೂ ಆಗದ ಗಂಡ ಚೆನ್ನಿಗರಾಯ, ಸಾಲ, ಬರ, ಪ್ಲೇಗು ಎಲ್ಲವೂ ಬರುತ್ತವೆ. ಪ್ಲೇಗು ಮಕ್ಕಳನ್ನೂ ಕಡೆಗೆ ಅವಳನ್ನೂ ಕೊಂಡೊಯ್ಯುತ್ತದೆ. ‘ಅಳುವ ಹೆಣ್ಣಿನ ಕಥೆ’ ಎಂದು ನಾನು ಇದನ್ನು ಬಹಳ ದಿನ ಪಕ್ಕಕ್ಕೆ ಇಟ್ಟಿದ್ದೆ. ಹುಡುಗಿಯರ ಜೊತೆ ಮತ್ತೆ ಓದಿದಾಗ ಕಂಡದ್ದು ಬೇರೆ. ನಂಜಮ್ಮ ಗಂಡನ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಕೂತು ಬರೆಯುತ್ತಾಳೆ, ಮುತ್ತುಗದ ಎಲೆ ಹಚ್ಚಿ ಮಾರಿ ನಾಲ್ಕು ಕಾಸು ಕಾಣುತ್ತಾಳೆ. ಅವಳು ಯಾರನ್ನೂ ಎದುರಿಸಿ ಭಾಷಣ ಮಾಡುವುದಿಲ್ಲ, ಆದರೆ ಆ ಲೆಕ್ಕದ ಪುಸ್ತಕದ ಮುಂದೆ ಕೂತಾಗ ಅವಳು ಯಾರ ಹೆಂಡತಿಯೂ ಅಲ್ಲ, ಯಾರ ಸೊಸೆಯೂ ಅಲ್ಲ, ಕೆಲಸ ಗೊತ್ತಿರುವ ಒಬ್ಬ ಮನುಷ್ಯಳು. ಬಿ.ಕಾಂ. ಹುಡುಗಿಯರು ಅವಳ ಲೆಕ್ಕ ಬರೆಯುವ ಪುಟಗಳಿಗೆಲ್ಲ ಪೆನ್ಸಿಲಿನಲ್ಲಿ ಗೆರೆ ಹಾಕಿಟ್ಟಿದ್ದಾರೆ. ನನ್ನ ಪ್ರತಿಯಲ್ಲಿ ಅವು ಇನ್ನೂ ಇವೆ. ಎಲೆ ಹಚ್ಚುವುದನ್ನು ಅಜ್ಜಿಯ ಕೈಯಲ್ಲಿ ನೋಡಿದ್ದ ಗುಬ್ಬಿಯ ಹುಡುಗಿಯೊಬ್ಬಳು, ಕಡ್ಡಿಯನ್ನು ಎಷ್ಟು ಸಣ್ಣಗೆ ಸೀಳಬೇಕು, ಎಲೆಯ ತೊಟ್ಟು ಯಾವ ಕಡೆಗೆ ಬರಬೇಕು ಎಂದು ಅಂಗೈಯ ಮೇಲೆ ತೋರಿಸಿದಳು.

ಇದರ ಪಕ್ಕದಲ್ಲಿ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಇಡಬಹುದು. ಮಗುವಾಗಿದ್ದಾಗಲೇ ವಿಧವೆಯಾಗಿ ನೂರು ವರ್ಷಕ್ಕೂ ಮಿಕ್ಕಿ ಬಾಳಿದ ಫಣಿಯಮ್ಮನಿಗೆ ಹುಡುಗಿತನವೇ ಸಿಗಲಿಲ್ಲ. ಅದೇ ಮನೆತನದ ಎಳೆಯ ವಿಧವೆ ದಾಕ್ಷಾಯಿಣಿ ತಲೆ ಬೋಳಿಸಿಕೊಳ್ಳಲು ಒಪ್ಪದೆ ನಿಲ್ಲುತ್ತಾಳೆ, ಆಗ ಅವಳ ಪರವಾಗಿ ಮಾತನಾಡುವವಳು ಈ ಮುದುಕಿ. ಹುಡುಗಿಯರಿಗೆ ‘ಗೃಹಭಂಗ’ಕ್ಕಿಂತ ಇದು ಸುಲಭವಾಗಿ ದಕ್ಕುತ್ತದೆ, ಗಾತ್ರವೂ ಸಣ್ಣದು. ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ಹದಿನಾರರವಳಿಗೆ ‘ಫಣಿಯಮ್ಮ’ವನ್ನೂ ಇಪ್ಪತ್ತರವಳಿಗೆ ‘ಗೃಹಭಂಗ’ವನ್ನೂ ಕೊಡುತ್ತೇನೆ, ‘ಗೃಹಭಂಗ’ದ ಸಾವುಗಳನ್ನು ಸಹಿಸಿ ಮುಂದಕ್ಕೆ ಓದಲು ಸ್ವಲ್ಪ ವಯಸ್ಸು ಬೇಕು.

ಕಾಯುವ ಹುಡುಗಿಯ ಕಾದಂಬರಿಗಳಲ್ಲಿ ತ್ರಿವೇಣಿಯವರದು ಇಂದಿಗೂ ಹೊಸದಾಗಿ ಓದಿಸಿಕೊಳ್ಳುವ ಬರವಣಿಗೆ. ‘ಬೆಳ್ಳಿಮೋಡ’ದ ಇಂದಿರಾ ಸಿರಿವಂತರ ಒಬ್ಬಳೇ ಮಗಳು, ಅವಳನ್ನು ಮದುವೆಯಾಗಲಿರುವ ಹುಡುಗ ಅವಳ ತಂದೆಯ ನೆರವಿನಿಂದ ಹೊರದೇಶಕ್ಕೆ ಓದಲು ಹೋಗುತ್ತಾನೆ. ಅಷ್ಟರಲ್ಲಿ ಅವಳಿಗೊಬ್ಬ ತಮ್ಮ ಹುಟ್ಟುತ್ತಾನೆ, ಆಸ್ತಿ ಅವನ ಪಾಲಾಗುತ್ತದೆ, ಹಿಂದಿರುಗಿ ಬಂದ ಹುಡುಗ ಮದುವೆ ಬೇಡವೆನ್ನುತ್ತಾನೆ. ಮುಂದೆ ಅವನು ಪೆಟ್ಟು ತಿಂದು ಮಲಗಿದಾಗ ಆರೈಕೆ ಮಾಡುವವಳು ಅವಳೇ, ಮನಸ್ಸು ಬದಲಿಸಿ ಕೈಹಿಡಿಯಲು ಬಂದವನಿಗೆ ಒಲ್ಲೆ ಎನ್ನುವವಳೂ ಅವಳೇ. ಕಾದಂಬರಿಕಾರ್ತಿ 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮುನ್ನವೇ ತೀರಿಕೊಂಡರು. 1967ರಲ್ಲಿ ಪುಟ್ಟಣ್ಣ ಕಣಗಾಲ್ ಇದನ್ನು ಚಲನಚಿತ್ರವಾಗಿಸಿದರು. ಆರೈಕೆ ಮಾಡುವುದು ಬೇರೆ, ಮದುವೆಯಾಗುವುದು ಬೇರೆ ಎಂದು ಒಬ್ಬ ಹುಡುಗಿಗೆ ಮನಸ್ಸಿನಲ್ಲಿ ಸ್ಪಷ್ಟವಾಗಿರುವುದನ್ನು ಇಷ್ಟು ಮೆತ್ತಗೆ ಹೇಳಿದ ಕಾದಂಬರಿಗಳು ಆಮೇಲೂ ಹೆಚ್ಚು ಬಂದಿಲ್ಲ ಎಂದೇ ನನ್ನ ಭಾವನೆ. ಹದಿನೈದರಿಂದ ಹದಿನೆಂಟರ ಹುಡುಗಿಗೆ ಮೊದಲ ಪುಸ್ತಕವಾಗಿ ನಾನು ಹೆಚ್ಚಾಗಿ ಕೊಡುವುದು ಇದನ್ನೇ.

ಇಂದಿರಾಳ ಈ ‘ಒಲ್ಲೆ’ಯ ಜೊತೆ ವಾರಪತ್ರಿಕೆಯ ಧಾರಾವಾಹಿಗಳ, ಈಗ ಮೊಬೈಲಿನಲ್ಲಿ ಕಂತು ಕಂತಾಗಿ ಬರುವ ಪ್ರೇಮಕಾದಂಬರಿಗಳ ನಾಯಕಿಯನ್ನು ಇಟ್ಟು ನೋಡಿದರೆ ವ್ಯತ್ಯಾಸ ಕಾಣುತ್ತದೆ. ಈ ಕಾದಂಬರಿಗಳನ್ನು ನಾನು ತಳ್ಳಿಹಾಕುವವಳಲ್ಲ. ನಮ್ಮ ತಾಯಂದಿರ ತಲೆಮಾರಿಗೆ ಓದುವ ರೂಢಿ ಹತ್ತಿದ್ದೇ ‘ಸುಧಾ’, ‘ತರಂಗ’, ‘ಕರ್ಮವೀರ’ದ ಧಾರಾವಾಹಿಗಳಿಂದ ಮತ್ತು ಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ಪೇಟೆಯ ಸಣ್ಣ ಅಂಗಡಿಗಳಿಂದ. ಆದರೆ ಕಂತಿನ ಬರವಣಿಗೆಗೆ ಒಂದು ಒತ್ತಡವಿದೆ: ಪ್ರತಿ ಕಂತಿನ ಕೊನೆಗೂ ಓದುಗರನ್ನು ತಡೆದು ನಿಲ್ಲಿಸುವ ಒಂದು ಪ್ರಸಂಗ ಬೇಕು, ಆ ಪ್ರಸಂಗ ಹೆಚ್ಚಿನ ಸಲ ಹುಡುಗಿಗೆ ಒದಗುವ ಅವಮಾನವೋ ಅಪಾಯವೋ ಆಗಿರುತ್ತದೆ. ಮೊಬೈಲಿನ ಕಂತುಗಳಲ್ಲಿ ಹುಡುಗಿಯರು ನನಗೆ ಓದಿ ತೋರಿಸಿದ ಹಲವು ಕಥೆಗಳಲ್ಲಿ ಸಿರಿವಂತ, ಸಿಡುಕ ಗಂಡ. ಬಲವಂತದ ಅಥವಾ ಕರಾರಿನ ಮದುವೆ. ಅವನ ಸಿಟ್ಟಿನ ಹಿಂದೆ ಪ್ರೀತಿ ಇದೆ ಎಂದು ನಾಯಕಿ ಕಂಡುಕೊಳ್ಳುವುದು. ಸಿಟ್ಟನ್ನು ಪ್ರೀತಿಯೆಂದು ಓದುವ ಈ ಅಭ್ಯಾಸ ನನಗೆ ನಿಜವಾಗಿ ಆತಂಕ ಹುಟ್ಟಿಸುತ್ತದೆ. ಮಗಳ ಮೊಬೈಲಿನಲ್ಲಿ ಅಂಥದ್ದು ಕಂಡರೆ ಕಸಿದುಕೊಳ್ಳಬೇಡಿ. ಪಕ್ಕದಲ್ಲಿ ‘ಬೆಳ್ಳಿಮೋಡ’ವನ್ನು ಇಡಿ, ಎರಡನ್ನೂ ಓದಲಿ, ಎರಡು ನಾಯಕಿಯರಲ್ಲಿ ಯಾರಿಗೆ ಹೇಗೆ ಬದುಕಲು ಬಿಟ್ಟಿದ್ದಾರೆ ಎಂದು ಅವಳನ್ನೇ ಕೇಳಿ.

ಇಂಥ ಕಾದಂಬರಿಗಳಲ್ಲಿ ಇನ್ನೊಂದನ್ನು ಸುಲಭವಾಗಿ ಗುರುತಿಸಬಹುದು. ನಾಯಕಿ ಪುಸ್ತಕದೊಳಗೆ ಮೊದಲು ಬರುವ ಸಾಲುಗಳನ್ನು ನೋಡಿ. ಬಾಗಿಲಲ್ಲಿ ನಿಂತ ಯಾರೋ ಅವಳ ಕಣ್ಣು, ಜಡೆ, ಸೀರೆಯ ಬಣ್ಣವನ್ನು ಎಣಿಸುತ್ತಿದ್ದರೆ ಆ ಕಣ್ಣೇ ಮುಂದೆಯೂ ಕಥೆ ಹೇಳುತ್ತದೆ ಎಂದು ತಿಳಿಯಬಹುದು. ಅವಳ ಮಾತನ್ನೂ ಕೇಳಿಸಿಕೊಳ್ಳಿ. ಮನೆಗೆಲಸದ ಹುಡುಗಿ ಮಾತ್ರ ಹಳ್ಳಿಯ ಮಾತಾಡಿ, ಅದೇ ಊರಿನಲ್ಲಿ ಹುಟ್ಟಿದ ನಾಯಕಿ ಪುಸ್ತಕದ ಭಾಷೆಯಲ್ಲಿ “ನಾನು ಬರುವುದಿಲ್ಲ” ಎನ್ನುತ್ತಿದ್ದರೆ, “ನಾ ಬರಲ್ಲ ಕಣಮ್ಮ” ಎನ್ನುವ ಹುಡುಗಿ ನಾಯಕಿಯಾಗಲಾರಳು ಎಂಬ ಪಾಠ ನಮ್ಮ ಮಕ್ಕಳಿಗೆ ಯಾರೂ ಹೇಳದೆಯೇ ಸೇರುತ್ತದೆ.

ಯಾರ ಕಣ್ಣು ಎಂಬ ಪ್ರಶ್ನೆ ಅತ್ಯಂತ ಚೆನ್ನಾಗಿ ತಿಳಿಯಬೇಕಾದರೆ ಎರಡು ಕಾದಂಬರಿಗಳನ್ನು ಜೋಡಿಯಾಗಿ ಓದಬೇಕು. ಎರಡರಲ್ಲೂ ಎಳೆಯ ಹೆಣ್ಣೊಬ್ಬಳನ್ನು ಗಂಡಸೊಬ್ಬ ಹುಡುಕುತ್ತಿರುತ್ತಾನೆ, ಎರಡರಲ್ಲೂ ಅವಳು ಬಹುಪಾಲು ಕಣ್ಣಿಗೆ ಬೀಳುವುದಿಲ್ಲ. ಮೊದಲನೆಯದು ಯಂಡಮೂರಿ ವೀರೇಂದ್ರನಾಥರು ತೆಲುಗಿನಲ್ಲಿ ಬರೆದು ಕನ್ನಡಕ್ಕೆ ಬಂದ ‘ಬೆಳದಿಂಗಳ ಬಾಲೆ’. 1995ರಲ್ಲಿ ಇದೇ ಹೆಸರಿನ ಸಿನಿಮಾ ಬಂದ ಮೇಲೆ ನಮ್ಮಲ್ಲಿ ಮನೆಮಾತಾಯಿತು, ತೆಲುಗು ಬಲ್ಲ ನಮ್ಮ ಪಾವಗಡದ ಹುಡುಗಿಯರ ಮನೆಗಳಲ್ಲಿ ಮೂಲವೂ ಸಿಗುತ್ತದೆ. ಇಲ್ಲಿ ಅವಳು ಫೋನಿನಲ್ಲಿ ಕೇಳುವ ಒಂದು ದನಿ. ಹೆಸರಾಂತ ಚದುರಂಗದ ಆಟಗಾರನೊಬ್ಬನಿಗೆ ಒಗಟಿನಂಥ ಸುಳಿವುಗಳನ್ನು ಕೊಡುತ್ತಾಳೆ, ಅವನು ಬಿಡಿಸುತ್ತ ಹೋಗುತ್ತಾನೆ. ಓದಲು ಬಹಳ ಸೊಗಸಾದ ಪುಸ್ತಕ, ಹುಡುಗಿಯ ಜಾಣತನವೂ ಸಣ್ಣದಲ್ಲ. ಎರಡನೆಯದು ವಿವೇಕ ಶಾನಭಾಗರ ‘ಸಕೀನಾಳ ಮುತ್ತು’ (2021). ಬೆಂಗಳೂರಿನ ಮಧ್ಯಮ ವರ್ಗದ ತಂದೆ ವೆಂಕಟ್ ಕಥೆ ಹೇಳುತ್ತಾನೆ. ಕಾಲೇಜಿಗೆ ಹೋಗುವ ಮಗಳು ರೇಖಾ ಊರಿಗೆ ಹೋಗಿದ್ದಾಳೆ, ಅವಳನ್ನು ಕೇಳಿಕೊಂಡು ಅಪರಿಚಿತ ಹುಡುಗರು ಮನೆ ಬಾಗಿಲಿಗೆ ಬರುತ್ತಾರೆ, ಆಮೇಲೆ ಅವಳೇ ಕಾಣೆಯಾಗುತ್ತಾಳೆ.

ಮೇಲುನೋಟಕ್ಕೆ ಎರಡೂ ಒಂದೇ ಬಗೆಯವು. ನಾವು ಸತತ ನಾಲ್ಕು ಭಾನುವಾರ ಇವೆರಡರ ಮೇಲೆಯೇ ಕಳೆದೆವು. ಮೊದಲನೆಯದರಲ್ಲಿ ಹುಡುಗಿ ಕಾಣದಿರುವುದು ಅವಳ ಚೆಲುವಿನ ಭಾಗವಾಗಿದೆ. ಅವಳು ಕಂಡರೆ ಮೋಡಿ ಮುಗಿಯುತ್ತದೆ, ಆದ್ದರಿಂದ ಕಥೆ ಅವಳನ್ನು ಕೊನೆಯವರೆಗೂ ದೂರ ಇಡುತ್ತದೆ, ನಾವೂ ಹುಡುಕುವವನ ಜೊತೆಯಲ್ಲೇ ಓಡುತ್ತೇವೆ. ಎರಡನೆಯದರಲ್ಲಿ ಮಗಳು ಕಾಣದಿರುವುದು ತಂದೆಯ ಕಣ್ಣಿನ ದೋಷ. ತಾನು ಉದಾರಿ, ಹೆಂಡತಿ ಮಗಳಿಗೆ ಸ್ವಾತಂತ್ರ್ಯ ಕೊಟ್ಟವನು ಎಂದು ನಂಬಿರುವ ಆ ಮನುಷ್ಯ ಮಗಳ ಮಾತು, ಸ್ನೇಹ, ವಿಚಾರ ಯಾವುದನ್ನೂ ಅರಿತಿಲ್ಲ ಎಂಬುದು ಅವನ ಬಾಯಿಂದಲೇ ಒಂದೊಂದಾಗಿ ಹೊರಬೀಳುತ್ತದೆ. ರೇಖಾ ಒಬ್ಬಳೇ ಇರುವ ಪುಟ ಈ ಕಾದಂಬರಿಯಲ್ಲೂ ಇಲ್ಲ. ಆದರೂ ಆ ಪುಟ ಇಲ್ಲ ಎಂಬುದು ಕಾದಂಬರಿಕಾರರಿಗೆ ಗೊತ್ತಿದೆ, ಅದನ್ನು ನಮಗೂ ತಿಳಿಸುತ್ತಿದ್ದಾರೆ. ನಮ್ಮ ಬಿ.ಕಾಂ. ಹುಡುಗಿಯ ಅಳತೆಯನ್ನು ನಾನು ತಿದ್ದಿಕೊಂಡದ್ದು ಇಲ್ಲಿ. ಪುಟ ಇಲ್ಲದಿದ್ದಾಗ, ಅದು ಬರೆದವರಿಗೆ ಹೊಳೆಯದ್ದರಿಂದ ಇಲ್ಲವೋ, ಹೊಳೆದೇ ಬಿಟ್ಟದ್ದೋ ಎಂದು ಕೇಳಬೇಕಾಗುತ್ತದೆ. ‘ಸಕೀನಾಳ ಮುತ್ತು’ವನ್ನು ಹದಿನೆಂಟು ದಾಟಿದ ಮಗಳಿಗೆ ಕೊಡಿ, ಅವಳಿಗಿಂತ ಮೊದಲು ಅವಳ ತಂದೆಗೆ ಕೊಡಿ.

ಸಾವಿನಲ್ಲಿ ಮುಗಿಯುವ ಕಾದಂಬರಿಗಳ ಬಗ್ಗೆ ತಾಯಂದಿರಿಗೆ ಎಲ್ಲಕ್ಕಿಂತ ಹೆಚ್ಚು ಅನುಮಾನ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ 1980ರ ದಶಕದ ಆರಂಭದಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತು. ಎಳೆಯ ಪ್ರಾಯದ ನಾದಿರಾಳಿಗೆ ಅವಳ ತಂದೆಯ ಹಟದಿಂದ ತಲಾಖ್ ಆಗುತ್ತದೆ, ಮತ್ತೆ ಗಂಡನನ್ನು ಸೇರಬೇಕಾದರೆ ಒಂದು ರಾತ್ರಿಗೆ ಬೇರೊಬ್ಬನನ್ನು ಮದುವೆಯಾಗಬೇಕೆಂಬ ಕಟ್ಟಳೆ ಎದುರಾಗುತ್ತದೆ, ಅವಳು ಮಸೀದಿಯ ಕೆರೆಯ ನೀರಿಗೆ ಸೇರುತ್ತಾಳೆ. ನಾನು ಬಲ್ಲ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಈ ಪುಸ್ತಕವನ್ನು ಹುಡುಗಿಯರಿಗೆ ಕೊಡುವುದಲ್ಲವೆಂದು ಬೀರುವಿನಲ್ಲಿ ಇಟ್ಟು ಬೀಗ ಹಾಕಿದ್ದರು, ಕೇಳಿದ ಹುಡುಗಿಗೆ “ನಿಂಗ್ಯಾಕಮ್ಮ ಅದು” ಎಂದಿದ್ದರು. ಅದು ನನಗೆ ಬಹಳ ನೋವಾದ ಸಂಗತಿ. ಬೀಗ ಹಾಕುವಂಥ ಪುಸ್ತಕ ಅದಲ್ಲವೇ ಅಲ್ಲ. ನಾದಿರಾಳ ಮನಸ್ಸು, ಅವಳ ಹೆದರಿಕೆ, ಮಗುವಿನ ಹಂಬಲ ಎಲ್ಲವೂ ಅವಳ ಒಳಗಿನಿಂದಲೇ ಬರುವ ಕಾದಂಬರಿ ಅದು, ಮತ್ತು ಆ ಸಾವು ಕಟ್ಟಳೆ ಮಾಡಿದವರ ಮೇಲೆ ಲೇಖಕಿ ಹೊರಿಸಿದ ದೋಷಾರೋಪ. ಆದರೆ ಹದಿನಾಲ್ಕರ ಹುಡುಗಿ ಕೋಣೆಯಲ್ಲಿ ಒಬ್ಬಳೇ ಕೂತು ಓದಿದರೆ ಅವಳಿಗೆ ದೋಷಾರೋಪ ಕಾಣದೆ, ಬೇರೆ ಬಾಗಿಲೇ ಇರಲಿಲ್ಲ ಎಂಬ ಮಾತು ಮಾತ್ರ ಉಳಿಯಬಹುದು. ಹಾಗಾಗಿ ಇದನ್ನು ನಾವು ಒಟ್ಟಿಗೆ ಕೂತು, ಗಟ್ಟಿಯಾಗಿ ಓದುತ್ತೇವೆ, ಕೊನೆಯ ಪುಟವನ್ನು ರಾತ್ರಿಗೆ ಉಳಿಸದೆ ಹಗಲಿನಲ್ಲೇ ಮುಗಿಸುತ್ತೇವೆ.

ಅದರ ಮರುವಾರ ಓದಲು ನನ್ನ ಬಳಿ ಒಂದು ಕಥೆ ಇದೆ. ಕಾದಂಬರಿಯಲ್ಲದಿದ್ದರೂ ಇಲ್ಲಿ ಅದನ್ನು ಬಿಡಲಾರೆ. ನಮ್ಮ ನೆರೆಯ ಹಾಸನದ ಬಾನು ಮುಷ್ತಾಕ್ ಅವರ ‘ಎದೆಯ ಹಣತೆ’ಯಲ್ಲಿ ಗಂಡನಿಂದಲೂ ತವರಿನಿಂದಲೂ ನೂಕಿಸಿಕೊಂಡ ತಾಯಿ ಮೆಹರುನ್ ಸೀಮೆಎಣ್ಣೆ ಸುರಿದುಕೊಂಡು ನಿಂತಾಗ, ಎಳೆಯ ಕೂಸನ್ನು ಎತ್ತಿಕೊಂಡು ಬಂದು ಅವಳನ್ನು ತಡೆಯುವವಳು ಹಿರಿಯ ಮಗಳು ಸಲ್ಮಾ. ದೀಪಾ ಭಾಸ್ತಿ ಅನುವಾದಿಸಿದ ಅವರ ಕಥೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದದ್ದು ಎಲ್ಲರಿಗೂ ತಿಳಿದಿದೆ. ನಾದಿರಾಳ ಕೈ ಹಿಡಿಯಲು ಅಂದು ಯಾರೂ ಇರಲಿಲ್ಲ, ಇಲ್ಲಿ ಹಿಡಿಯಲು ಒಬ್ಬ ಹುಡುಗಿ ಇದ್ದಾಳೆ. ಎರಡನ್ನೂ ಹಿಂದುಮುಂದಾಗಿ ಓದಿದ ಹುಡುಗಿಯರು ಸಾವಿನ ಬಗ್ಗೆ ಮಾತನಾಡುವುದನ್ನು ಬಿಟ್ಟು ಸಲ್ಮಾಳಿಗೆ ಎಷ್ಟು ವಯಸ್ಸಿದ್ದೀತು, ಆ ರಾತ್ರಿ ಕಳೆದ ಮೇಲೆ ಅವಳು ಹೇಗೆ ನಿದ್ದೆ ಮಾಡಿಯಾಳು ಎಂದು ಮಾತನಾಡಲು ತೊಡಗಿದರು.

ಇನ್ನು ಹೊಸ್ತಿಲು ದಾಟುವ ಮಾತು. ಕನ್ನಡದಲ್ಲಿ ‘ಓಡಿಹೋದ ಹುಡುಗ’ ಎಂದರೆ ಒಂದು ಅರ್ಥ, ‘ಓಡಿಹೋದ ಹುಡುಗಿ’ ಎಂದರೆ ಬೇರೆಯೇ ಅರ್ಥ. ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’ ಎಂಬ ಮಕ್ಕಳ ಕಾದಂಬರಿಗೆ 2021ರ ಬಾಲ ಸಾಹಿತ್ಯ ಪುರಸ್ಕಾರ ಬಂದಿತು. ಆ ಶೀರ್ಷಿಕೆಯ ಕೊನೆಯ ಅಕ್ಷರಕ್ಕೆ ಒಂದು ಗುಡಿಸು ಕೊಟ್ಟು ನೋಡಿ, ಮಕ್ಕಳ ಪುಸ್ತಕದ ಹೆಸರಾಗಿ ಅದು ಉಳಿಯುವುದಿಲ್ಲ, ಬೀದಿಯ ಪಿಸುಮಾತಾಗುತ್ತದೆ. ಹುಡುಗ ಓಡಿದರೆ ಊರು ನೋಡಲು, ಹುಡುಗಿ ಓಡಿದರೆ ಯಾರ ಜೊತೆ ಎಂದೇ ನಮ್ಮ ಮೊದಲ ಪ್ರಶ್ನೆ. ಆದರೆ ಕನ್ನಡ ಕಾದಂಬರಿ ಹುಟ್ಟಿದ್ದೇ ಮನೆ ಬಿಟ್ಟು ಹೊರಟ ಒಬ್ಬ ಹುಡುಗಿಯಿಂದ ಎಂಬುದನ್ನು ನಾವು ಮರೆತಂತಿದೆ. ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿ ಎನಿಸಿಕೊಂಡ, ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ಎಳೆಯ ವಿಧವೆಯೊಬ್ಬಳು ಮನೆಯಿಂದ ತಪ್ಪಿಸಿಕೊಂಡು, ಆಸರೆ ಪಡೆದು, ವಿದ್ಯೆ ಕಲಿತು, ಮರುಮದುವೆಯಾಗುವ ಕಥೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ತಿಮ್ಮಿ ಗುತ್ತಿಯ ಜೊತೆ ಹೊರಡುತ್ತಾಳೆ, ಚಿನ್ನಮ್ಮ ಬೇಡದ ಮದುವೆಯ ಹಿಂದಿನ ರಾತ್ರಿ ಕಾಡಿಗೆ ಇಳಿಯುತ್ತಾಳೆ. ಆ ಕತ್ತಲು, ಮಳೆ, ಕಾಡಿನ ನಡುವೆ ಆ ಹುಡುಗಿಯ ಹೆದರಿಕೆಯನ್ನೂ ಧೈರ್ಯವನ್ನೂ ಕವಿ ಎಷ್ಟು ಗೌರವದಿಂದ ಕಾಣುತ್ತಾರೆ ಎಂಬುದು ಓದಿದವರಿಗೇ ಗೊತ್ತು. ಒಬ್ಬಳೇ ಇರುವ ಪುಟಗಳಿಗೆ ಅದಕ್ಕಿಂತ ದೊಡ್ಡ ಉದಾಹರಣೆ ನನಗೆ ತಿಳಿಯದು. ಪುಸ್ತಕ ದಪ್ಪವೆಂದು ಹೆದರುವ ಹುಡುಗಿಗೆ ಚಿನ್ನಮ್ಮನ ಅಧ್ಯಾಯಗಳನ್ನಷ್ಟೇ ಮೊದಲು ಓದಿಸಿ. ಉಳಿದದ್ದನ್ನು ಅವಳೇ ಕೇಳಿ ಒಯ್ಯುತ್ತಾಳೆ.

ದೂರದ ಕಾಲ, ದೂರದ ದೇಶದ ಹುಡುಗಿಯರ ಕಾದಂಬರಿಗಳನ್ನು ಕೇಳುವವರಿಗೆ ಎರಡು ಹೆಸರು ಸಾಕು. ನೇಮಿಚಂದ್ರ ಅವರ ‘ಯಾದ್ ವಶೇಮ್’ (2007) ನಾಜಿಗಳ ಜರ್ಮನಿಯಿಂದ ತಂದೆಯ ಜೊತೆ ಪಾರಾಗಿ ಬೆಂಗಳೂರಿಗೆ ಬಂದು ಇಲ್ಲೇ ಬೆಳೆದ ಯಹೂದಿ ಹುಡುಗಿ ಹ್ಯಾನಾಳ ಕಥೆ. ವಸುಧೇಂದ್ರರ ‘ತೇಜೋ ತುಂಗಭದ್ರಾ’ (2019) ಹದಿನೈದನೆಯ ಶತಮಾನದ ಕೊನೆಯ ಲಿಸ್ಬನ್ನಿನ ಬೆಲ್ಲಾಳನ್ನೂ ವಿಜಯನಗರದ ಹಂಪಮ್ಮನನ್ನೂ ಒಂದೇ ಕಥೆಯಲ್ಲಿ ತರುತ್ತದೆ. ಮೊದಲನೆಯದು ಹದಿನಾರರವಳಿಗೂ ಸಲ್ಲುತ್ತದೆ. ಎರಡನೆಯದರಲ್ಲಿ ಹಿಂಸೆ ಹೆಚ್ಚು, ಸ್ವಲ್ಪ ತಡೆಯಬಹುದು.

ತುಮಕೂರಿನ ಹುಡುಗಿಯರು ತಮ್ಮದೇ ಬದುಕಿಗೆ ಹತ್ತಿರದ ನಾಯಕಿಯನ್ನು ಕೇಳುತ್ತಾರೆ. ಬೆಳಗಿನ ರೈಲಿನಲ್ಲಿ ನಿಂತುಕೊಂಡೇ ಎಪ್ಪತ್ತು ಕಿಲೋಮೀಟರು ದಾಟಿ ಬೆಂಗಳೂರಿನ ಕೆಲಸಕ್ಕೆ ಹೋಗಿ ರಾತ್ರಿ ಮರಳುವ ಅಕ್ಕ, ಗಾರ್ಮೆಂಟ್ಸಿನಲ್ಲಿ ದುಡಿದು ತಮ್ಮನ ಫೀಸು ಕಟ್ಟುವವಳು, ವಸಂತನರಸಾಪುರದ ಕಾರ್ಖಾನೆಯ ಬಸ್ಸಿಗೆ ಕಾಯುವವಳು ನಮ್ಮ ನಡುವೆ ದಿನವೂ ಓಡಾಡುತ್ತಾರೆ, ಆದರೆ ಕಾದಂಬರಿಯೊಳಗೆ ಅವರು ಬರುವುದು ಅಪರೂಪ, ಬಂದರೂ ಒಂದು ಅಧ್ಯಾಯದಲ್ಲಿ ಹಾದುಹೋಗುತ್ತಾರೆ. ಇವರಲ್ಲಿ ಯಾರಾದರೂ ಬರೆಯಲಿ ಎಂಬ ಆಸೆಯಿಂದ ಪ್ರತಿ ಕಾದಂಬರಿಯ ನಂತರ ನಾಯಕಿ ಒಬ್ಬಳೇ ಇರುವ ಒಂದು ಪುಟವನ್ನು ತಾವೇ ಬರೆದು ತರುವಂತೆ ಹೇಳುತ್ತೇನೆ. ಬೆಳದಿಂಗಳ ಬಾಲೆ ಫೋನು ಇಟ್ಟ ಮೇಲಿನ ಐದು ನಿಮಿಷವನ್ನು ಒಬ್ಬಳು ಬರೆದಿದ್ದಳು. ರೇಖಾ ಸಿಗ್ನಲ್ ಇಲ್ಲದ ಊರಿನಲ್ಲಿ ಮೊಬೈಲನ್ನು ಚೀಲದೊಳಗೆ ಹಾಕಿ, ಜಗಲಿಯ ಮೇಲೆ ಕಾಲು ಚಾಚಿ ಕೂತದ್ದನ್ನು ಇನ್ನೊಬ್ಬಳು ಬರೆದಿದ್ದಳು.

ಅಂಗಡಿಯಲ್ಲೋ ಪುಸ್ತಕ ಮೇಳದಲ್ಲೋ ನಿಂತು ಹತ್ತು ನಿಮಿಷದಲ್ಲಿ ಆರಿಸಬೇಕಾದವರು ಹಿಂಬದಿಯ ಹೊಗಳಿಕೆಯನ್ನು ಬಿಟ್ಟು ನಾಯಕಿ ಮೊದಲು ಬರುವ ಪುಟ, ಅವಳಿಗೆ ದುಡ್ಡಿನ ವಿಚಾರ ಬರುವ ಒಂದು ಪುಟ, ಕೊನೆಯ ಎರಡು ಪುಟ ಇಷ್ಟನ್ನು ಓದಿ ನೋಡಲಿ. ಹನ್ನೆರಡು ಹದಿಮೂರರ ಮಕ್ಕಳಿಗೆ ಇವುಗಳಲ್ಲಿ ಯಾವುದೂ ಬೇಡ. ನಮ್ಮ ಜಿಲ್ಲೆಯ ಕೃಷ್ಣಮೂರ್ತಿ ಬಿಳಿಗೆರೆ ಅವರ, 2024ರ ಬಾಲ ಸಾಹಿತ್ಯ ಪುರಸ್ಕಾರ ಪಡೆದ ‘ಛೂಮಂತ್ರಯ್ಯನ ಕಥೆಗಳು’ ಅಂಥ ಮಕ್ಕಳ ಕೈಗೆ ಸರಿ.

ಹೋದ ತಿಂಗಳು ಗುಬ್ಬಿಯ ಕಡೆಯ ತಾಯಿಯೊಬ್ಬರು ಬಂದಿದ್ದರು. ಮಗಳಿಗೆ ಹತ್ತೊಂಬತ್ತು, ಗಂಡಿನ ಕಡೆಯವರು ನೋಡಲು ಬರುವ ಮಾತಿತ್ತು. “ಮೇಡಂ, ಅವ್ಳಿಗೆ ಸ್ವಲ್ಪ ಬುದ್ಧಿ ಬರೋ ಅಂಥ ಪುಸ್ತಕ ಕೊಡಿ” ಎಂದರು. ಬುದ್ಧಿ ಎಂದರೆ ಅವರ ಮನಸ್ಸಿನಲ್ಲಿ ಏನಿತ್ತೋ ನಾನು ಕೇಳಲಿಲ್ಲ. ‘ಬೆಳ್ಳಿಮೋಡ’ವನ್ನೂ ಪೆನ್ಸಿಲ್ ಗೆರೆಗಳಿರುವ ನನ್ನ ‘ಗೃಹಭಂಗ’ವನ್ನೂ ಒಂದು ಬಟ್ಟೆಯ ಚೀಲದಲ್ಲಿ ಹಾಕಿ ಕೊಟ್ಟೆ. ಮೊನ್ನೆ ಮಗಳು ಫೋನು ಮಾಡಿ, ಮೊದಲನೆಯದನ್ನು ತಾನು ಮುಗಿಸಿದ್ದೇನೆ, ಎರಡನೆಯದು ಅಮ್ಮನ ಹತ್ತಿರ ಇದೆ, ನಂಜಮ್ಮ ಎಲೆ ಹಚ್ಚುವಲ್ಲಿಗೆ ಬಂದಿದ್ದಾರೆ, ಇನ್ನೊಂದು ವಾರ ಇಟ್ಟುಕೊಳ್ಳಬಹುದೇ ಎಂದು ಕೇಳಿದಳು.